ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರು: ಪಾಠಕ್ಕಿಂತ ರಜೆಗೇ ಜಾಸ್ತಿ ತಯಾರಿ ಬೇಕು

ಚೀನಾಕ್ಕೆ ಇಂಗ್ಲಿಷ್ ಕಲಿಸಲು ಹೊರಟವರು ಪಾಠದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ರಜೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಹುನಾನ್ ಪ್ರಾಂತ್ಯದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಎರಡು ವರ್ಷ ಇದ್ದೆ. ಮೊದಲ ವರ್ಷ ವಸಂತ ಹಬ್ಬ, ಅಂದರೆ ಅವರ ಹೊಸ ವರ್ಷ ಬಂತು. 'ಇಲ್ಲೇ ಇದ್ದು ಹಬ್ಬ ನೋಡೋಣ' ಎಂದು ಕ್ಯಾಂಪಸ್ಸಿನಲ್ಲಿ ಉಳಿದುಕೊಂಡೆ. ಕ್ಯಾಂಟೀನ್ ಮುಚ್ಚಿತು. ಗೇಟಿನ ಎದುರಿನ ನೂಡಲ್ ಅಂಗಡಿ ಮುಚ್ಚಿತು. ಹಣ್ಣಿನಂಗಡಿಯವನೂ ಶಟರ್ ಎಳೆದು ಊರಿಗೆ ಹೋದ. ಹಾಸ್ಟೆಲ್ ಬ್ಲಾಕಿನ ಬಿಸಿನೀರಿನ ಕೊಳಾಯಿ ಕೂಡ ಬಂದ್. ನಾಲ್ಕು ದಿನ ಕಪ್ ನೂಡಲ್ಸ್ ಮತ್ತು ಕಿತ್ತಳೆ ಹಣ್ಣಿನಲ್ಲಿ ಕಳೆದೆ. ಹೊರಗೆ ಊರಿಗೆ ಊರೇ ಪಟಾಕಿ ಹೊಡೆಯುತ್ತಿತ್ತು. ನನಗೆ ಕೇಳುತ್ತಿತ್ತು, ಅಷ್ಟೇ.

ಆದ್ದರಿಂದ ಇಲ್ಲಿ ವೀಸಾ, ತರಗತಿ, ಊಟ ಎಲ್ಲವೂ ಇದೆ. ಆದರೆ ಕ್ಯಾಲೆಂಡರಿಗೆ ಬೇಕೆಂದೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡಿಕೊಳ್ಳಿ

ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚೀನಾದ ನಿಯಮದಂತೆ ವಿದೇಶಿ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು. ನಿಮ್ಮ ಮಾತೃಭಾಷೆ ಯಾವುದು ಎಂದು ಅವರು ನಿರ್ಧರಿಸುವುದು ನಿಮ್ಮ ಪಾಸ್‌ಪೋರ್ಟ್ ನೋಡಿ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಪ್ರಜೆಗಳಿಗೆ ದಾರಿ ಸಲೀಸು. ಮೆಲ್ಬರ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಬೆಳೆದ ಕನ್ನಡದ ಮಕ್ಕಳಿಗೆ ಇದು ತೊಂದರೆಯೇ ಅಲ್ಲ. ಪಾಸ್‌ಪೋರ್ಟ್ ಜೊತೆಗೆ ಒಂದು ಪದವಿ ಮತ್ತು ಎರಡು ವರ್ಷ ಕಲಿಸಿದ ಅನುಭವ ಬೇಕು. ಅನುಭವ ಇಲ್ಲದಿದ್ದರೆ ಬಿ.ಎಡ್‌ನಂಥ ಶಿಕ್ಷಣ ಪದವಿ ಅಥವಾ ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ ತರಬೇತಿ) ಪ್ರಮಾಣಪತ್ರ ನಡೆಯುತ್ತದೆ.

ಭಾರತದ ಪಾಸ್‌ಪೋರ್ಟ್ ಇದ್ದರೆ? ಎರಡು ಬಾಗಿಲು ಇವೆ, ಎರಡೂ ಕಿರಿದು. ಒಂದು, ಇಂಗ್ಲಿಷ್ ಮಾತಾಡುವ ದೇಶದಲ್ಲಿ ಪದವಿ ಮಾಡಿರುವುದು. ಇದನ್ನು ಕೆಲವು ಊರಿನ ಕಚೇರಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನಾನು ಹೋದದ್ದು ಬ್ರಿಟನ್ನಿನಲ್ಲಿ ಮಾಡಿದ ಎಂ.ಎ. ಹಿಡಿದುಕೊಂಡು. ಇನ್ನೊಂದು, ಇಂಗ್ಲಿಷ್ ಮಾಧ್ಯಮದ ಅಂತಾರಾಷ್ಟ್ರೀಯ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಕಲಿಸುವ ಕೆಲಸ. ಗಣಿತದ ಮೇಷ್ಟ್ರಿಗೆ ಮಾತೃಭಾಷೆಯ ನಿಯಮ ಇಲ್ಲ. ನಮ್ಮವರಿಗೆ ಇದೇ ಒಳ್ಳೆಯ ದಾರಿ ಎಂದು ಈಗ ಅನ್ನಿಸುತ್ತದೆ.

ಮೂರನೆಯ ಬಾಗಿಲನ್ನೂ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. 'ಬಿಸಿನೆಸ್ ವೀಸಾದಲ್ಲಿ ಬನ್ನಿ, ಆಮೇಲೆ ಸರಿ ಮಾಡೋಣ' ಎನ್ನುವ ಏಜೆಂಟ್ ಅದು. ಹೋಗಬೇಡಿ. ಕೆಲಸದ ಪರವಾನಗಿ ಇಲ್ಲದೆ ಕಲಿಸಿ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಒಳಗೆ ಕೂರಿಸಿ ಆಮೇಲೆ ಊರಿಗೆ ಕಳಿಸುತ್ತಾರೆ. ಸಿಕ್ಕಿಬೀಳುವುದು ನೀವು, ಏಜೆಂಟ್ ಅಲ್ಲ.

2. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ರಜೆಯ ಲೆಕ್ಕ ಕೇಳಿ

ಹಿಂದೆಲ್ಲ ಖಾಸಗಿ ಟ್ಯೂಷನ್ ಕೇಂದ್ರಗಳೇ ವಿದೇಶಿ ಶಿಕ್ಷಕರನ್ನು ಹೆಚ್ಚಾಗಿ ಕರೆಸಿಕೊಳ್ಳುತ್ತಿದ್ದವು. 2021ರ ಜುಲೈನಲ್ಲಿ ಸರ್ಕಾರ 'ಎರಡು ಹೊರೆ ಇಳಿಸುವ' ನೀತಿ ತಂದಿತು. ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಟ್ಯೂಷನ್ ಎರಡೂ ಕಡಿಮೆಯಾಗಬೇಕು ಎಂಬುದು ಅದರ ಉದ್ದೇಶ. ಶಾಲೆಯ ಮುಖ್ಯ ವಿಷಯಗಳಲ್ಲಿ ಲಾಭಕ್ಕಾಗಿ ಟ್ಯೂಷನ್ ನಡೆಸುವಂತಿಲ್ಲ ಎಂದಾಯಿತು. ಸಾಲುಸಾಲಾಗಿ ಕೇಂದ್ರಗಳು ಬಾಗಿಲು ಹಾಕಿದವು. ಈಗ ಮುಖ್ಯವಾಗಿ ಉಳಿದಿರುವುದು ಶಾಲೆ, ಕಾಲೇಜು, ಶಿಶುವಿಹಾರ ಮತ್ತು ದೊಡ್ಡವರ ತರಬೇತಿ.

ಕಾಲೇಜಿನಲ್ಲಿ ಸಂಬಳ ಕಡಿಮೆ, ರಜೆ ಜಾಸ್ತಿ. ನನಗೆ ವಾರಕ್ಕೆ 16 ಪೀರಿಯಡ್ ಇತ್ತು, ಒಂದೊಂದು 45 ನಿಮಿಷ. ಕ್ಯಾಂಪಸ್ಸಿನಲ್ಲೇ ಬಾಡಿಗೆ ಇಲ್ಲದ ಮನೆ. ಕೇಳಬೇಕಾದ ಪ್ರಶ್ನೆಗಳು ಇವು: ಒಪ್ಪಂದ 10 ತಿಂಗಳದ್ದೋ 12 ತಿಂಗಳದ್ದೋ? ಚಳಿಗಾಲದ ರಜೆಗೆ ಸಂಬಳ ಇದೆಯಾ? ಬೇಸಿಗೆಗೆ? ವಿಮಾನದ ಖರ್ಚು ಯಾವಾಗ ಕೊಡುತ್ತೀರಿ? ರಜೆಯಲ್ಲಿ ನಾನು ಮನೆಯಲ್ಲಿ ಇರಬಹುದಾ, ಆಗ ನೀರು, ಕರೆಂಟು, ಗೇಟು ನಡೆಯುತ್ತಾ? ಕೊನೆಯ ಪ್ರಶ್ನೆ ಸಿಲ್ಲಿ ಅನ್ನಿಸಬಹುದು. ನನ್ನ ನಾಲ್ಕು ದಿನದ ನೂಡಲ್ಸ್ ನೆನಪಿಸಿಕೊಳ್ಳಿ.

ಒಪ್ಪಂದ ಎರಡು ಭಾಷೆಯಲ್ಲಿ ಇರುತ್ತದೆ. ತಕರಾರು ಬಂದರೆ ಯಾವ ಪ್ರತಿ ಲೆಕ್ಕಕ್ಕೆ ಬರುತ್ತದೆ ಎಂಬ ಸಾಲು ಹುಡುಕಿ. ಬಹಳ ಸಲ ಅದು ಚೀನೀ ಪ್ರತಿ. ಅದನ್ನು ಬಲ್ಲವರಿಂದ ಒಮ್ಮೆ ಓದಿಸಿ.

3. ಮೊದಲ 30 ದಿನ

ಕೆಲಸದ ವೀಸಾಕ್ಕೆ ಝಡ್ ವೀಸಾ ಎನ್ನುತ್ತಾರೆ. ಅದರಲ್ಲಿ ಒಂದೇ ಸಲ ಒಳಗೆ ಹೋಗಬಹುದು. ಬಂದ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಾಸದ ನೋಂದಣಿ ಆಗಬೇಕು. ಹೋಟೆಲ್‌ನಲ್ಲಿ ಇದ್ದರೆ ಅವರೇ ಮಾಡುತ್ತಾರೆ, ಮನೆಯಲ್ಲಿ ಇದ್ದರೆ ನೀವೇ ಹೋಗಬೇಕು. ಆಮೇಲೆ ರಕ್ತ, ಎಕ್ಸ್‌ರೇ, ಇಸಿಜಿ ಎಲ್ಲ ಇರುವ ಆರೋಗ್ಯ ತಪಾಸಣೆ. ಅದಾದ ಮೇಲೆ ಕೆಲಸದ ಪರವಾನಗಿ. ಬಂದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ.

ಇಲ್ಲೇ ಮೊದಲ ರಜೆಯ ಗುಂಡಿ ಇದೆ. ಸೆಪ್ಟೆಂಬರಿನಲ್ಲಿ ಕಾಲೇಜು ಶುರು. ನೀವು ಆಗಸ್ಟ್ ಕೊನೆಗೆ ಬರುತ್ತೀರಿ. ವಾಸದ ಪರವಾನಗಿಗೆ ಪಾಸ್‌ಪೋರ್ಟನ್ನು ಪೊಲೀಸರು ಇಟ್ಟುಕೊಳ್ಳುತ್ತಾರೆ, ವಾಪಸ್ ಬರಲು ಎರಡು ಮೂರು ವಾರ ಬೇಕಾಗಬಹುದು. ಅರ್ಜಿ ತಡವಾದರೆ ಅಕ್ಟೋಬರ್ 1ರ ದೊಡ್ಡ ರಜೆಗೆ ನಿಮ್ಮ ಕೈಯಲ್ಲಿ ಇರುವುದು ಒಂದು ರಸೀದಿ ಮಾತ್ರ. ರಸೀದಿ ಹಿಡಿದು ದೇಶದೊಳಗೆ ಹೇಗೋ ಓಡಾಡಬಹುದು. ಗಡಿ ದಾಟಿ ಹಾಂಗ್‌ಕಾಂಗ್‌ಗೆ ಹೋಗಿಬರುತ್ತೇನೆ ಎಂದರೆ ಆಗದು. ಆದ್ದರಿಂದ ಬಂದ ವಾರದಲ್ಲೇ ಕಾಲೇಜಿನ ವಿದೇಶಿ ವ್ಯವಹಾರ ಕಚೇರಿಯ ಬೆನ್ನು ಹತ್ತಿ. ಪರವಾನಗಿ ಅಂಟಿಸಿದ ಮೇಲೆ ಅದರ ಅವಧಿ ಮುಗಿಯುವವರೆಗೆ ಎಷ್ಟು ಸಲ ಬೇಕಾದರೂ ಹೊರಗೆ ಹೋಗಿ ಬರಬಹುದು.

4. ಅಮ್ಮನ ಜೊತೆ ಮಾತಾಡುವುದು ಹೇಗೆ

ಇದು ನಮ್ಮವರಿಗೆ ಮಾತ್ರ ಇರುವ ತಾಪತ್ರಯ. ಚೀನಾದಲ್ಲಿ ವಾಟ್ಸಾಪ್, ಗೂಗಲ್, ಫೇಸ್‌ಬುಕ್ ತೆರೆಯುವುದಿಲ್ಲ. ಅಲ್ಲಿ ಎಲ್ಲರೂ ಬಳಸುವ ವೀಚಾಟ್ ಅನ್ನು ಭಾರತ 2020ರಲ್ಲಿ ನಿಷೇಧಿಸಿದೆ. ಅಂದರೆ ನನ್ನ ಆ್ಯಪ್ ಅಮ್ಮನ ಹತ್ತಿರ ಇಲ್ಲ, ಅಮ್ಮನ ಆ್ಯಪ್ ನನ್ನ ಹತ್ತಿರ ನಡೆಯದು. ಇದಕ್ಕೆ ಸುಲಭದ ಉಪಾಯ ರೋಮಿಂಗ್ ಸಿಮ್. ರೋಮಿಂಗ್ ಡೇಟಾ ಸಿಮ್ ಕೊಟ್ಟ ದೇಶದ ದಾರಿಯಲ್ಲಿ ಹೋಗುವುದರಿಂದ ಅಲ್ಲಿ ವಾಟ್ಸಾಪ್ ತೆರೆದುಕೊಳ್ಳುತ್ತದೆ. ನಾನು ಭಾರತದ ಸಿಮ್ ಅನ್ನು ಬ್ಯಾಂಕ್ ಒಟಿಪಿಗೂ ಭಾನುವಾರದ ಮಾತುಕತೆಗೂ ಇಟ್ಟುಕೊಂಡಿದ್ದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಮ್ಮನ ಸಂಜೆ ಕಾಫಿ ಹೊತ್ತಿಗೆ ನನಗೆ ಊಟದ ಹೊತ್ತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ತರಕಾರಿ ಮಾರುವ ಅಜ್ಜಿಯ ಹತ್ತಿರವೂ ಕ್ಯೂಆರ್ ಕೋಡ್ ಇದೆ. ನಮಗೆ ಅದೇನೂ ಹೊಸದಲ್ಲ. ಅಲಿಪೇ ಎಂಬ ಪಾವತಿ ಆ್ಯಪ್‌ಗೂ ವೀಚಾಟ್‌ಗೂ ವಿದೇಶದ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್ ಜೋಡಿಸಬಹುದು. ಅಲಿಪೇಯಲ್ಲಿ 200 ಯುವಾನ್ ದಾಟಿದ ಪಾವತಿಗೆ 3% ಶುಲ್ಕ ಬೀಳುತ್ತದೆ. ಅಲ್ಲಿನ ಬ್ಯಾಂಕ್ ಖಾತೆ ತೆರೆದ ತಕ್ಷಣ ಅದನ್ನೇ ಜೋಡಿಸಿಕೊಳ್ಳಿ. ತಿಂಗಳ ತೆರಿಗೆ ಚೀಟಿಗಳನ್ನು ಜೋಪಾನವಾಗಿ ಇಡಿ. ಸಂಬಳವನ್ನು ಡಾಲರ್ ಮಾಡಿ ಮನೆಗೆ ಕಳಿಸುವಾಗ ಬ್ಯಾಂಕಿನವರು ಕೇಳುವುದು ಅದನ್ನೇ.

5. ತರಗತಿಯಲ್ಲಿ

ವಿದೇಶಿ ಶಿಕ್ಷಕರಿಗೆ 'ವಾಯ್‌ಜಿಯಾವ್' ಎನ್ನುತ್ತಾರೆ. ಎದುರಿಗೆ ಕರೆಯುವುದು 'ಲಾವ್‌ಶಿ', ನಮ್ಮ 'ಮೇಷ್ಟ್ರೇ' ಇದ್ದ ಹಾಗೆ. ನಾನು ಮೊದಲ ದಿನ ಒಳಗೆ ಹೋದಾಗ 48 ಮಕ್ಕಳು ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಬಿಳಿಯ ಮೇಷ್ಟ್ರು ಇನ್ನೂ ಬರಬೇಕು ಎನ್ನುವ ಹಾಗೆ. ಬೇಜಾರು ಮಾಡಿಕೊಳ್ಳಬೇಡಿ. ಎರಡು ವಾರದಲ್ಲಿ ಅದು ಹೋಗುತ್ತದೆ. ಮೂರನೆಯ ವಾರ ಅವರಿಗೆ ಆಮೀರ್ ಖಾನ್ ಬಗ್ಗೆ ಎಲ್ಲವೂ ಬೇಕು.

ನಿಮಗೆ ಸಿಗುವುದು ಹೆಚ್ಚಾಗಿ ಮಾತಿನ ಇಂಗ್ಲಿಷ್ ತರಗತಿ. ಮಕ್ಕಳಿಗೆ ವ್ಯಾಕರಣ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬಾಯಿ ಮಾತ್ರ ಬಿಡುವುದಿಲ್ಲ. ಇದಕ್ಕೆ ಅವರೇ 'ಮೂಕ ಇಂಗ್ಲಿಷ್' ಎಂದು ಹೆಸರಿಟ್ಟಿದ್ದಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳಬೇಡಿ, ಎಲ್ಲರೆದುರು ತಪ್ಪಿದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಮೊದಲು ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಸಿ. ಆಮೇಲೆ 'ನಿನ್ನ ಗೆಳತಿ ಏನಂದಳು?' ಎಂದು ಕೇಳಿ. ಬೇರೆಯವರ ಮಾತು ಹೇಳಲು ಯಾರಿಗೂ ನಾಚಿಕೆ ಇಲ್ಲ ಅಲ್ವಾ? ಪ್ರತಿ ತರಗತಿಗೂ ಒಬ್ಬ ಬಾನ್‌ಝಾಂಗ್, ಅಂದರೆ ಮಾನಿಟರ್ ಇರುತ್ತಾನೆ. ಕೊಠಡಿ ಬದಲಾವಣೆ, ರಜೆಯ ಸುದ್ದಿ, ಪರೀಕ್ಷೆಯ ದಿನ ಕಚೇರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಅವನ ವೀಚಾಟ್ ಮೊದಲ ದಿನವೇ ತೆಗೆದುಕೊಳ್ಳಿ.

ತೈವಾನ್, ಟಿಬೆಟ್, ತಿಯಾನನ್‌ಮೆನ್ ವಿಷಯ ತರಗತಿಯಲ್ಲಿ ಬೇಡ. ಭಾರತದವರಿಗೆ ಇನ್ನೊಂದು ಎಚ್ಚರಿಕೆ: ಗೋಡೆಗೆ ಭೂಪಟ ಹಾಕಬೇಡಿ. ನಮ್ಮ ಭೂಪಟ ಅವರಿಗೆ ಸರಿ ಬರದು, ಅವರದು ನಮಗೆ. ನನ್ನ ಊರು ಎಲ್ಲಿದೆ ಎಂದು ತೋರಿಸಲು ಬೋರ್ಡಿನ ಮೇಲೆ ಬರೀ ದಕ್ಷಿಣದ ತ್ರಿಕೋನ ಬರೆಯುತ್ತಿದ್ದೆ.

6. ಊಟ ಮತ್ತು ಚಳಿ

ಚೀನಾದಲ್ಲಿ ಒಂದು ಮಾತಿದೆ: ಸಿಚುವಾನಿನವರು ಖಾರಕ್ಕೆ ಹೆದರುವುದಿಲ್ಲ, ಹುನಾನಿನವರು ಖಾರ ಇಲ್ಲದಿದ್ದರೆ ಹೆದರುತ್ತಾರೆ. ಹೆಚ್ಚಿ ಉಪ್ಪು ಹಾಕಿಟ್ಟ ಕೆಂಪು ಮೆಣಸಿನಕಾಯಿ ಎಲ್ಲದರ ಮೇಲೂ ಬೀಳುತ್ತದೆ. ಉತ್ತರ ಕರ್ನಾಟಕದ ರಂಜಕ ತಿಂದು ಬೆಳೆದವರಿಗೆ ಅದು ನೆಂಟ.

ಸಸ್ಯಾಹಾರಿಗಳಿಗೆ ಕಷ್ಟ, ಆದರೆ ಉಪವಾಸ ಬೀಳುವುದಿಲ್ಲ. 'ಮಾಂಸ ಬೇಡ' ಎಂದರೆ ತುಂಡು ತೆಗೆದು ಕೊಚ್ಚಿದ ಮಾಂಸ ಹಾಕಿಬಿಡುತ್ತಾರೆ. 'ವೋ ಚಿ ಸು' ಎನ್ನಿ, 'ನಾನು ಸಸ್ಯಾಹಾರಿ' ಎಂದು ಅರ್ಥ. ಬೌದ್ಧರ ಪದ್ಧತಿ ಎಂದು ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಹಂದಿ ಕೊಬ್ಬಿನಲ್ಲಿ ಹುರಿಯಬೇಡಿ ಎಂದೂ ಬೇರೆ ಹೇಳಬೇಕು. ಎಲ್ಲ ಕಡೆ ಸಿಗುವುದು ಹುಳಿಖಾರದ ಆಲೂಗಡ್ಡೆ ಎಳೆ, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು. ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ. ದೊಡ್ಡ ಬೌದ್ಧ ದೇವಸ್ಥಾನದ ಪಕ್ಕ ಸಸ್ಯಾಹಾರದ ಹೋಟೆಲ್ ಹುಡುಕಿ. ಅಂಗಡಿಯ ಮೊಸರು ಬಹುಪಾಲು ಸಿಹಿ. ಮೊಸರನ್ನಕ್ಕೆ ಸಕ್ಕರೆ ಇಲ್ಲದ್ದು ಹುಡುಕಿ ತರಬೇಕು, ಇಲ್ಲವೇ ಮನೆಯಲ್ಲೇ ಹೆಪ್ಪು ಹಾಕಬೇಕು. ರೈಸ್ ಕುಕ್ಕರ್ ಒಯ್ಯಬೇಡಿ. ಸಾರಿನ ಪುಡಿ ಒಯ್ಯಿರಿ.

ಚಳಿಯ ಬಗ್ಗೆ ಯಾರೂ ಹೇಳದ ಮಾತು ಒಂದಿದೆ. ಚಿನ್‌ಲಿಂಗ್ ಬೆಟ್ಟ ಮತ್ತು ಹ್ವಾಯ್ ನದಿಯ ಗೆರೆಯ ಉತ್ತರಕ್ಕೆ ಊರಿಗೆಲ್ಲ ಸೇರಿ ಬಿಸಿ ಕೊಳವೆ ವ್ಯವಸ್ಥೆ ಇದೆ. ಸಾಮಾನ್ಯವಾಗಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಮನೆ ಬೆಚ್ಚಗಿರುತ್ತದೆ. ದಕ್ಷಿಣಕ್ಕೆ ಅದಿಲ್ಲ. ಹುನಾನ್ ದಕ್ಷಿಣದಲ್ಲಿದೆ. ಬೀಜಿಂಗಿನಲ್ಲಿ ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಒಳಗೆ ಟೀ ಶರ್ಟ್ ಸಾಕು. ನಮ್ಮಲ್ಲಿ ಹೊರಗೆ 4 ಡಿಗ್ರಿ, ಒಳಗೂ ಹೆಚ್ಚುಕಡಿಮೆ ಅಷ್ಟೇ. ಜಾಕೆಟ್ ಹಾಕಿಕೊಂಡೇ ಪಾಠ ಮಾಡುತ್ತಿದ್ದೆ. ಹಾಸಿಗೆಗೆ ಎಲೆಕ್ಟ್ರಿಕ್ ಕಂಬಳಿ ಕೊಳ್ಳಿ, ದಿನವಿಡೀ ಬಿಸಿನೀರು ಕುಡಿಯಿರಿ.

7. ಕ್ಯಾಲೆಂಡರ್ ಓದುವುದು

ಈಗ ಮುಖ್ಯ ವಿಷಯ. 2025ರಿಂದ ಚೀನಾದಲ್ಲಿ ವರ್ಷಕ್ಕೆ 13 ದಿನ ಸರ್ಕಾರಿ ರಜೆ. ಅದಕ್ಕೆ ಮೊದಲು 11 ಇತ್ತು. ಹೊಸ ವರ್ಷ, ವಸಂತ ಹಬ್ಬ, ಚಿಂಗ್‌ಮಿಂಗ್, ಮೇ ದಿನ, ಡ್ರ್ಯಾಗನ್ ದೋಣಿ ಹಬ್ಬ, ಶರತ್ಕಾಲದ ಹುಣ್ಣಿಮೆ, ರಾಷ್ಟ್ರೀಯ ದಿನ. ಕ್ರಿಸ್‌ಮಸ್‌ಗೆ ರಜೆ ಇಲ್ಲ. ಆದರೆ ಅವತ್ತು ವಿದೇಶಿ ಶಿಕ್ಷಕರು ಹಾಡು ಹೇಳಬೇಕು ಎಂದು ಕೆಲವು ಕಡೆ ಬಯಸುತ್ತಾರೆ. ನನಗೂ ಕೆಂಪು ಟೋಪಿ ಹಾಕಿಸಿದರು. ಹಾಕಿಕೊಂಡೆ.

ಹದಿಮೂರೇ ದಿನ ಆದರೂ ಎಂಟು ದಿನ ಸತತ ರಜೆ ಎಲ್ಲಿಂದ ಬರುತ್ತದೆ? 'ತಿಯಾವ್‌ಶ್ಯು' ಎಂಬ ಪದ ಕಲಿಯಿರಿ. ಹಿಂದುಮುಂದಿನ ಶನಿವಾರ, ಭಾನುವಾರ ಕೆಲಸ ಮಾಡಿಸಿಕೊಂಡು ಆ ದಿನಗಳನ್ನು ರಜೆಗೆ ಅಂಟಿಸುವುದು. 2025ರಲ್ಲಿ ರಾಷ್ಟ್ರೀಯ ದಿನ ಮತ್ತು ಹುಣ್ಣಿಮೆ ಹಬ್ಬ ಸೇರಿ ಅಕ್ಟೋಬರ್ 1ರಿಂದ 8ರವರೆಗೆ ರಜೆ. ಅದರ ಬೆಲೆ: ಸೆಪ್ಟೆಂಬರ್ 28ರ ಭಾನುವಾರ ಮತ್ತು ಅಕ್ಟೋಬರ್ 11ರ ಶನಿವಾರ ಕೆಲಸ. ಭಾನುವಾರ ಬೆಳಗ್ಗೆ ಎಂಟಕ್ಕೆ ಫೋನ್ ಬರುತ್ತದೆ, 'ಲಾವ್‌ಶಿ, ಎಲ್ಲಿದ್ದೀರಿ? ಇವತ್ತು ಬುಧವಾರದ ಟೈಮ್‌ಟೇಬಲ್'. ನನಗೆ ಬಂತು. ಮುಂದಿನ ವರ್ಷದ ಪಟ್ಟಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ ಹೊರಬೀಳುತ್ತದೆ. ಅದನ್ನು ಮುದ್ರಿಸಿ ಫ್ರಿಜ್‌ಗೆ ಅಂಟಿಸಿ. ಮಾನಿಟರ್‌ನನ್ನು ಮತ್ತೊಮ್ಮೆ ಕೇಳಿ.

ಒಂದೊಂದು ರಜೆಗೆ ಒಂದೊಂದು ಗುಣ ಇದೆ. ಏಪ್ರಿಲ್ 4 ಅಥವಾ 5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ನಮ್ಮ ಪಿತೃಪಕ್ಷದ ಹಾಗೆ. ಮನೆಯವರೆಲ್ಲ ಹಿರಿಯರ ಸಮಾಧಿಗೆ ಹೋಗಿ ಕಳೆ ಕೀಳುತ್ತಾರೆ, ಕಾಗದದ ಹಣ ಸುಡುತ್ತಾರೆ. ಅವತ್ತು 'ಶುಭಾಶಯ' ಎನ್ನಬೇಡಿ. ಚಂದ್ರಮಾನದ ಐದನೇ ತಿಂಗಳ ಐದನೇ ದಿನ ಡ್ರ್ಯಾಗನ್ ದೋಣಿ ಹಬ್ಬ. ಅವತ್ತಿನ ತಿಂಡಿ ಝೋಂಗ್‌ಝ. ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ, ನೋಡಲು ಕರಾವಳಿಯ ಕೊಟ್ಟೆ ಕಡುಬಿನ ದಾಯಾದಿ. ಒಳಗೆ ಹಂದಿ ಮಾಂಸವೋ ಸಿಹಿ ಕೆಂಪು ಕಾಳೋ ಕೇಳಿಕೊಂಡು ಕಚ್ಚಿ. ಹಬ್ಬ ಹುಟ್ಟಿದ ಕತೆ ಹುನಾನಿನದೇ. ಕವಿ ಚು ಯುಆನ್ ನೀರಿಗೆ ಹಾರಿದ ಮಿಲ್ವೋ ನದಿ ಚಾಂಗ್‌ಶಾ ನಗರದ ಉತ್ತರಕ್ಕಿದೆ. ಹುಣ್ಣಿಮೆ ಹಬ್ಬಕ್ಕೆ ಮೂನ್‌ಕೇಕ್ ಡಬ್ಬಿಗಳು ಬಂದು ಬೀಳುತ್ತವೆ. ಬಂದವುಗಳನ್ನು ಎಲ್ಲರೂ ಮುಂದಕ್ಕೆ ದಾಟಿಸುತ್ತಾರೆ, ನೀವೂ ದಾಟಿಸಿ. ಸೆಪ್ಟೆಂಬರ್ 10 ಅಲ್ಲಿನ ಶಿಕ್ಷಕರ ದಿನ. ರಜೆ ಇಲ್ಲ, ಹೂವು ಸಿಗುತ್ತದೆ.

ಅಕ್ಟೋಬರ್ ಮೊದಲ ವಾರಕ್ಕೆ 'ಚಿನ್ನದ ವಾರ' ಎನ್ನುತ್ತಾರೆ. ನನ್ನ ಸಲಹೆ: ಆ ವಾರ ಹೆಸರಾದ ಯಾವ ಜಾಗಕ್ಕೂ ಹೋಗಬೇಡಿ. ಮಹಾಗೋಡೆಯ ಮೇಲೆ ಗೋಡೆ ಕಾಣುವುದಿಲ್ಲ, ತಲೆ ಕಾಣುತ್ತವೆ. ಪಕ್ಕದ ಸಣ್ಣ ಊರಿಗೆ ಬಸ್ ಹತ್ತಿ, ಅಥವಾ ಮನೆಯಲ್ಲಿ ನಿದ್ದೆ ಮಾಡಿ. ಕಾಲೇಜು ಶಿಕ್ಷಕರಿಗೆ ಶುಕ್ರವಾರ ಖಾಲಿ ಸಿಕ್ಕರೆ ಅಕ್ಟೋಬರ್ ಕೊನೆಯ ಒಂದು ವಾರಾಂತ್ಯ ಆ ಇಡೀ ವಾರಕ್ಕಿಂತ ಸೊಗಸು.

8. ವಸಂತ ಹಬ್ಬ: ಕರೆದರೆ ಹೋಗಿ

ಕಾಲೇಜಿಗೆ ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ರಜೆ. ವಸಂತ ಹಬ್ಬ ಚಂದ್ರಮಾನದ್ದು, ಆದ್ದರಿಂದ ಜನವರಿಯ ಕೊನೆಯ ಭಾಗ ಮತ್ತು ಫೆಬ್ರವರಿಯ ಮೂರನೆಯ ವಾರದ ನಡುವೆ ಓಡಾಡುತ್ತಿರುತ್ತದೆ. 2025ರಲ್ಲಿ ಜನವರಿ 29, 2026ರಲ್ಲಿ ಫೆಬ್ರವರಿ 17. ಅದರ ಸುತ್ತಲಿನ 40 ದಿನದ ಪ್ರಯಾಣದ ನೂಕುನುಗ್ಗಲಿಗೆ 'ಚುನ್‌ಯುನ್' ಎಂದು ಹೆಸರು. ಪಟ್ಟಣಗಳು ಖಾಲಿಯಾಗುತ್ತವೆ, ಹಳ್ಳಿಗಳು ತುಂಬುತ್ತವೆ.

ನಿಮಗಿರುವುದು ಮೂರು ದಾರಿ. ಭಾರತಕ್ಕೆ ಬರುವುದು. ಬೆಚ್ಚಗಿನ ಕಡೆ ತಿರುಗಲು ಹೋಗುವುದು. ಯಾರಾದರೂ ಮನೆಗೆ ಕರೆದರೆ ಹೋಗುವುದು. ನನ್ನ ಓಟು ಮೂರನೆಯದಕ್ಕೆ. ಎರಡನೆಯ ವರ್ಷ ಒಬ್ಬ ವಿದ್ಯಾರ್ಥಿ ತನ್ನ ಹಳ್ಳಿಗೆ ಕರೆದ. ಅವನು ಮೂರು ಸಲ ಕರೆದ ಮೇಲೆ ಒಪ್ಪಿದೆ. ಒಂದು ಸಲ ಕರೆದದ್ದು ಶಿಷ್ಟಾಚಾರಕ್ಕೂ ಇರಬಹುದು, ನಮ್ಮಲ್ಲಿ 'ಊಟ ಮಾಡಿ ಹೋಗಿ' ಅಂದ ಹಾಗೆ.

ಹೋಗುವ ಮೊದಲು ನೋಂದಣಿಯ ವಿಷಯ ಮಾತಾಡಿ. ಬೇರೆಯವರ ಮನೆಯಲ್ಲಿ ತಂಗಿದರೂ ಠಾಣೆಯಲ್ಲಿ ಹೆಸರು ಬರೆಸಬೇಕು. ಹುಡುಗನ ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಪೊಲೀಸಿನವನು ಅರ್ಧ ಗಂಟೆ ಯಾವ ಫಾರಂ ಎಂದು ಹುಡುಕಿ, ಕೊನೆಗೆ ಟೀ ಕೊಟ್ಟ.

ಬರಿಗೈಯಲ್ಲಿ ಹೋಗಬೇಡಿ. ಹಣ್ಣಿನ ಡಬ್ಬಿ, ಹಾಲಿನ ಪೊಟ್ಟಣಗಳ ಡಬ್ಬಿ, ಊರಿಂದ ತಂದ ಗಂಧದ ಸೋಪು. ಎರಡೂ ಕೈಯಲ್ಲಿ ಕೊಡಿ. ಅವರು ನಿಮ್ಮೆದುರು ಬಿಚ್ಚುವುದಿಲ್ಲ, ತಪ್ಪು ತಿಳಿಯಬೇಡಿ. ಗಡಿಯಾರ ಕೊಡಬೇಡಿ. 'ಗಡಿಯಾರ ಕೊಡುವುದು' ಎಂಬ ಮಾತು ಅವರ ಭಾಷೆಯಲ್ಲಿ ಸಾಯುವವರ ಕೊನೆಯ ಸೇವೆ ಮಾಡುವುದು ಎಂದು ಕೇಳಿಸುತ್ತದೆ. ಮನೆಯ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ದುಡ್ಡು, ಅದೇ 'ಹೋಂಗ್‌ಬಾವ್'. ಹೊಸ ನೋಟೇ ಇರಲಿ. 4 ಬರುವ ಮೊತ್ತ ಬೇಡ, ಆ ಸಂಖ್ಯೆಯ ಉಚ್ಚಾರ ಸಾವಿನ ಪದಕ್ಕೆ ಹತ್ತಿರ. ಎಷ್ಟು ಹಾಕಬೇಕು ಎಂದು ವಿದ್ಯಾರ್ಥಿಯನ್ನೇ ಕೇಳಿ. ಸುಮ್ನೆ ಜಾಸ್ತಿ ಹಾಕಿದರೆ ಅವರು ಅಷ್ಟನ್ನೂ ಹೇಗಾದರೂ ವಾಪಸ್ ಮಾಡಬೇಕಾಗುತ್ತದೆ.

ಹಬ್ಬದ ಹಿಂದಿನ ರಾತ್ರಿಯ ಊಟವೇ ದೊಡ್ಡದು. ಮೇಜಿನ ಕೆಳಗೆ ಒಲೆ, ಮೇಲಿಂದ ದಪ್ಪ ಹೊದಿಕೆ. ಎಲ್ಲರ ಕಾಲೂ ಅದರೊಳಗೆ. ಅಡುಗೆಮನೆಯಲ್ಲಿ ಹೊಗೆಗೆ ಕಟ್ಟಿದ ಮಾಂಸ ತೂಗುತ್ತಿತ್ತು. ಮೀನು ಇರಲೇಬೇಕು. 'ಮೀನು' ಮತ್ತು 'ಉಳಿತಾಯ' ಎರಡಕ್ಕೂ ಅಲ್ಲಿ 'ಯು' ಎನ್ನುತ್ತಾರೆ, ಹಾಗಾಗಿ ಮೀನಿನಲ್ಲಿ ಒಂದಿಷ್ಟು ಉಳಿಸುವುದೇ ಶುಭ. ಪೂರ್ತಿ ಖಾಲಿ ಮಾಡಬೇಡಿ. ನಾನು ಮೀನು ತಿನ್ನುತ್ತೇನೆ, ಬಚಾವಾದೆ. ತಿನ್ನದವರು ಒಂದು ವಾರ ಮೊದಲೇ ಹೇಳಿಡಿ. ಬಾಯ್‌ಜ್ಯು ಎಂಬ ಮದ್ಯ ಬರುತ್ತದೆ, 50%ಕ್ಕಿಂತ ಮೇಲೆ ಆಲ್ಕೋಹಾಲ್ ಇರುವುದು ಮಾಮೂಲು. ಕುಡಿಯದವರು ಮೊದಲ ಲೋಟಕ್ಕೇ ಬೇಡ ಎನ್ನಿ. ಮೂರನೆಯದಕ್ಕೆ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಲೋಟ ತಾಗಿಸುವಾಗ ನಿಮ್ಮದು ಹಿರಿಯರದ್ದಕ್ಕಿಂತ ಸ್ವಲ್ಪ ಕೆಳಗಿರಲಿ. ಟಿವಿಯಲ್ಲಿ 1983ರಿಂದ ಪ್ರತಿ ವರ್ಷ ಬರುವ ಹಬ್ಬದ ಕಾರ್ಯಕ್ರಮ ಓಡುತ್ತಿರುತ್ತದೆ. ಎಲ್ಲರೂ ಅದನ್ನು ಬೈಯುತ್ತಾರೆ, ಎಲ್ಲರೂ ನೋಡುತ್ತಾರೆ.

ಆ ಮನೆಯ ಅಜ್ಜಿಯ ಮಾತು ನನಗಷ್ಟೇ ಅಲ್ಲ, ಪಕ್ಕದ ಪ್ರಾಂತ್ಯದಿಂದ ಬಂದ ಸೊಸೆಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಅಷ್ಟು ಬೇರೆ ಆಡುಮಾತು. ಅಜ್ಜಿ ನನ್ನ ತಟ್ಟೆಗೆ ಮೆಣಸಿನಕಾಯಿ ಹಾಕುವುದು, ನಾನು ಹಾಗೇ ತಿನ್ನುವುದು, ಅವರು ಸೊಸೆಯ ಕಡೆ ತಿರುಗಿ ಗೆದ್ದವರ ಹಾಗೆ ನಗುವುದು. ಮೂರು ದಿನ ನಮ್ಮ ಸಂಭಾಷಣೆ ಇದೇ.

9. ರೈಲು ಟಿಕೆಟ್

12306 ಎಂಬುದು ಅಲ್ಲಿನ ರೈಲ್ವೆಯ ಆ್ಯಪ್, ಇಂಗ್ಲಿಷಿನಲ್ಲೂ ಇದೆ. ಪಾಸ್‌ಪೋರ್ಟ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಸೆಪ್ಟೆಂಬರಿನಲ್ಲೇ ಖಾತೆ ಮಾಡಿಡಿ. ಟಿಕೆಟ್ 15 ದಿನ ಮೊದಲು ತೆರೆಯುತ್ತದೆ. ಹಬ್ಬದ ಟಿಕೆಟ್ ತತ್ಕಾಲ್ ಇದ್ದ ಹಾಗೆ ಮಾಯವಾಗುತ್ತದೆ. ಸಿಗದಿದ್ದರೆ ಆ್ಯಪಿನಲ್ಲೇ ಕಾಯುವ ಪಟ್ಟಿಗೆ ಸೇರಿ. ನಿಜವಾಗಿಯೂ ಸಿಗುತ್ತದೆ. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಯಂತ್ರದ ಗೇಟು ಅದನ್ನು ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ಸಾಲಿಗೆ ಹೋಗಿ.

ಹೈಸ್ಪೀಡ್ ರೈಲಿನಲ್ಲಿ ಚಾಂಗ್‌ಶಾದಿಂದ ಬೀಜಿಂಗ್‌ಗೆ ಸುಮಾರು 6 ಗಂಟೆ. ನನಗೆ ಇಷ್ಟ ಹಳೆಯ ರೈಲಿನ 'ಯಿಂಗ್‌ವೋ'. ಹೆಸರಿಗೆ ಗಟ್ಟಿ ಹಾಸಿಗೆ, ಆದರೆ ಮೆತ್ತಗೇ ಇರುತ್ತದೆ. ನಮ್ಮ ತ್ರೀ ಟಯರ್ ಥರವೇ, ಬಾಗಿಲಿಲ್ಲದ ಗೂಡಿನಲ್ಲಿ ಆರು ಜನ. ಬೋಗಿಯ ತುದಿಯಲ್ಲಿ ಬಿಸಿನೀರು. ರಾತ್ರಿ ದೀಪ ಆರಿಸುವ ಹೊತ್ತಿಗೆ ಎದುರಿನವರು ನಿಮ್ಮ ಸಂಬಳ ಎಷ್ಟು, ಮದುವೆ ಆಗಿದೆಯಾ ಎಂದು ಕೇಳಿ ಮುಗಿಸಿರುತ್ತಾರೆ. ಊರಿನ ರೈಲಿನಲ್ಲಿ ಕೂತ ಹಾಗೇ ಆಗುತ್ತದೆ.

10. ಎಲ್ಲಿಗೆ ಹೋಗಬೇಕು

ಚಳಿಗೆ ಯುನ್ನಾನ್ ಪ್ರಾಂತ್ಯ. ಕುನ್‌ಮಿಂಗ್‌ಗೆ 'ವಸಂತದ ಊರು' ಎಂದೇ ಹೆಸರು, ಅಲ್ಲಿಂದ ದಾಲಿ ದೂರವಿಲ್ಲ. ಹಿಮವೇ ಬೇಕು ಎಂದರೆ ಹಾರ್ಬಿನ್, ಸಾಮಾನ್ಯವಾಗಿ ಜನವರಿ 5ರಿಂದ ಅಲ್ಲಿ ಹಿಮದ ಉತ್ಸವ. ಬೇಸಿಗೆಯಲ್ಲಿ ಚಾಂಗ್‌ಶಾ, ವುಹಾನ್, ಚೋಂಗ್‌ಚಿಂಗ್ ಒಲೆಯ ಹಾಗೆ ಕಾಯುತ್ತವೆ. ಆಗ ಎತ್ತರದ ಚಿಂಗ್‌ಹಾಯ್ ಸರೋವರದ ಕಡೆ ಹೋಗಿ. ಟಿಬೆಟ್‌ಗೆ ವಿದೇಶಿಯರು ಏಜೆನ್ಸಿ ಮೂಲಕ ಬೇರೆ ಪರ್ಮಿಟ್ ಮಾಡಿಸಲೇಬೇಕು, ವಾಸದ ಪರವಾನಗಿ ಇದ್ದರೂ ಅಷ್ಟೇ.

ಎರಡು ಊರು ಮಾತ್ರ ಕನ್ನಡದವರು ಬಿಡಬಾರದು. ಒಂದು ಶಿಆನ್. ಮಣ್ಣಿನ ಸೈನಿಕರನ್ನು ಎಲ್ಲರೂ ನೋಡುತ್ತಾರೆ, ನೀವು ದೊಡ್ಡ ಬಾತುಕೋಳಿ ಗೋಪುರಕ್ಕೂ ಹೋಗಿ. ನಾವು ಶಾಲೆಯಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಓದಿದ ಭಿಕ್ಷು ಭಾರತದಿಂದ 645ರಲ್ಲಿ ವಾಪಸ್ ತಂದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ್ದು ಅದು. ಚೀನಾದ ಮಕ್ಕಳಿಗೆ ಅವರು ಮಂಗನ ಜೊತೆ ಪಶ್ಚಿಮಕ್ಕೆ ಹೋದ ಕತೆಯ ನಾಯಕ. ಅವರು ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದಿದ್ದರು, ಅಲ್ಲಿ ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಿದ್ದರು ಎಂದು ಬರೆದಿಟ್ಟಿದ್ದಾರೆ. ಇದನ್ನು ತರಗತಿಯಲ್ಲಿ ಹೇಳಿದ ದಿನ ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನವನು ಎದ್ದು ಕೇಳಿದ: 'ಆನೆಗೆ ಎಷ್ಟು ಬಾಟಲಿ ಬೇಕು?' ಇಂಗ್ಲಿಷಿನಲ್ಲೇ ಕೇಳಿದ.

ಇನ್ನೊಂದು ಫೂಜಿಯಾನ್ ಪ್ರಾಂತ್ಯದ ಚ್ವಾನ್‌ಝೌ ಬಂದರು. ತಮಿಳು ವ್ಯಾಪಾರಿಗಳು ಅಲ್ಲಿ ಶಿವನ ಗುಡಿ ಕಟ್ಟಿಸಿದ್ದರು, 1281ರ ತಮಿಳು ಶಾಸನ ಸಿಕ್ಕಿದೆ. ಕಾಯ್‌ಯುಆನ್ ಎಂಬ ಬೌದ್ಧ ದೇವಾಲಯದ ಹಿಂಭಾಗದ ಎರಡು ಕಂಬದ ಮೇಲೆ ನರಸಿಂಹ, ಕೃಷ್ಣನ ಕೆತ್ತನೆ ಇದೆ. ಸುತ್ತ ಜನ ಊದುಬತ್ತಿ ಹಚ್ಚುತ್ತಿದ್ದರು. ನಾನು ಆ ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದೆ.

11. ಬಿಟ್ಟು ಬರುವಾಗ

ಬೇರೆ ಕಡೆ ಕೆಲಸ ಹಿಡಿಯುವ ಯೋಚನೆ ಇದ್ದರೆ ಕಾಲೇಜಿನಿಂದ ಬಿಡುಗಡೆ ಪತ್ರ ಮತ್ತು ಕೆಲಸದ ಪರವಾನಗಿ ರದ್ದಾದ ಪತ್ರ ಕೈಗೆ ಬರುವವರೆಗೆ ಊರು ಬಿಡಬೇಡಿ. ಜುಲೈ ಮೊದಲ ವಾರ ಕಚೇರಿಯವರೆಲ್ಲ ಬೇಸಿಗೆ ರಜೆಗೆ ಹೋಗುತ್ತಾರೆ, ಜೂನ್‌ನಲ್ಲೇ ಕೇಳಿ. ಬ್ಯಾಂಕಿನ ದುಡ್ಡು ಕಳಿಸಿ. ಅಲ್ಲಿನ ಫೋನ್ ನಂಬರ್ ನಿಲ್ಲಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದಿಲ್ಲದೆ ಬೇರೆ ಯಾವುದನ್ನೂ ನಿಲ್ಲಿಸಲು ಆಗುವುದಿಲ್ಲ.

ಮತ್ತೆ ಯಾರಾದರೂ ಮೆಣಸಿನಕಾಯಿ ಉಪ್ಪಿನಕಾಯಿ ಬಾಟಲಿ ಕೊಟ್ಟೇ ಕೊಡುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ, ಕೈಚೀಲಕ್ಕೆ ಬೇಡ. ಅಜ್ಜಿ ಕೊಟ್ಟದ್ದನ್ನು ನಾನು ಒಡೆದೀತು ಎಂದು ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಹುಡುಗಿ ಅದನ್ನು ಎತ್ತಿ ನೋಡಿ, ಮುಚ್ಚಳ ತೆಗೆದು ಮೂಸಿ, 'ಮನೆಯಲ್ಲಿ ಮಾಡಿದ್ದಾ?' ಎಂದು ಕೇಳಿ, ಕಸದ ಬುಟ್ಟಿಗೆ ಹಾಕಿದಳು.